ಪಾರ್ಕ್ ಲೈಟ್ ಹಾಕಿದ್ರೆ ಕ್ರೂಸ್ ಕಂಟ್ರೋಲ್ ಕಟ್ ಆಗ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಹಗಲು ಹೊತ್ತು ನನ್ನ ಕಾರಿನ ಕ್ರೂಸ್ (ಆಕ್ಸಿಲರೇಟರ್ ಒತ್ತದೆ ಒಂದೇ ವೇಗ ಕಾಯೋದು) ಚೆನ್ನಾಗೇ ಕೆಲಸ ಮಾಡುತ್ತೆ. ಪಾರ್ಕ್ ಲೈಟ್ ಹಾಕಿದ ತಕ್ಷಣ ಬಿಟ್ಟುಬಿಡುತ್ತೆ, ದೋಷದ ಕೋಡ್ ಪಿ0504. ಬ್ರೇಕ್ ಸ್ವಿಚ್‌ನ ಎರಡು ಕಾಂಟ್ಯಾಕ್ಟ್ ತಾಳೆ ಆಗ್ತಿಲ್ಲ ಅಂತ ಇಸಿಯು (ಎಂಜಿನ್ ಕಂಪ್ಯೂಟರ್) ಹೇಳ್ತಿದೆ.

ಹೊಸ ಸ್ವಿಚ್ ಹಾಕಿ ಪ್ಲಂಜರ್ (ಸ್ವಿಚ್‌ನ ಒತ್ತುಕಡ್ಡಿ) ಗ್ಯಾಪ್ ಸರಿ ಮಾಡಿದ್ದಾಯ್ತು. ಫ್ಯೂಸ್ ಸರಿ ಇದೆ. ಹಿಂದಿನ 21/5 ವ್ಯಾಟ್ ಬಲ್ಬ್ (21 ಸ್ಟಾಪ್ ಲೈಟಿಗೆ, 5 ಪಾರ್ಕ್ ಲೈಟಿಗೆ) ಎರಡನ್ನೂ ಬದಲಿಸಿದೆ.

ಪೆಡಲ್ ಮುಟ್ಟದೆ ಸ್ಟಾಪ್ ಲೈಟ್ ವೈರ್ ನೋಡಿದರೆ 0 ವೋಲ್ಟ್. ಪಾರ್ಕ್ ಲೈಟ್ ಹಾಕಿದರೆ 4.6. ಅಂದ್ರೆ ಅರ್ಥಿಂಗ್ ಸಿಗದೆ 5 ವ್ಯಾಟ್ ಫಿಲಮೆಂಟಿನ ಕರೆಂಟು 21ರ ಫಿಲಮೆಂಟ್ ಮೂಲಕ ಸ್ಟಾಪ್ ಲೈಟ್ ವೈರ್‌ಗೆ ವಾಪಸ್ ಬರ್ತಿದೆ, ಇಸಿಯುಗೆ ಬ್ರೇಕ್ ಒತ್ತಿದ ಹಾಗೆ ಕಾಣ್ತಿದೆ. ಡಿಕ್ಕಿಯ ಅರ್ಥ್ ಬೋಲ್ಟ್ ಬಿಚ್ಚಿದೆ, ವಾಷರ್ ಕೆಳಗೆ ಹಸಿರು ಕಿಲುಬು ಕಟ್ಟಿತ್ತು. ಉಜ್ಜಿ ಬಿಗಿ ಮಾಡಿದ ಮೇಲೆ 2.1ಕ್ಕೆ ಇಳಿಯಿತು, ಆದರೂ ಕ್ರೂಸ್ ಕಟ್ ಆಗ್ತಾನೇ ಇದೆ.

ಸಿಕ್ಕಿಹಾಕಿಕೊಂಡಿರೋದು ಇಲ್ಲೇ: ಬ್ಯಾಟರಿ ನೆಗೆಟಿವ್‌ಗೆ ಹೋಲಿಸಿದರೆ ಬೋಲ್ಟ್‌ನಲ್ಲಿ ಬರೀ 0.04, ಎಡ ಬಲ ಎರಡೂ ಬಲ್ಬ್ ಹೋಲ್ಡರ್‌ನ ಅರ್ಥ್ ಪಿನ್‌ನಲ್ಲಿ 2.1. ಹೋಲ್ಡರ್‌ನಿಂದ ಬಾಡಿಗೆ ತಾತ್ಕಾಲಿಕ ವೈರ್ ಕೊಟ್ಟರೆ 0, ಕ್ರೂಸ್ ಸರಿ. ಎರಡು ಅರ್ಥ್ ವೈರ್ ಸೇರುವ ಜಾಯಿಂಟೇ ಹೋಗಿರಬೇಕು.

ಹಾರ್ನೆಸ್ ಟೇಪ್ ಬಿಚ್ಚಿ ಆ ಜಾಯಿಂಟನ್ನೇ ಹುಡುಕಿ ಬೆಸುಗೆ ಹಾಕಬೇಕಾ, ಇಲ್ಲ ಎರಡೂ ಲ್ಯಾಂಪಿಗೆ 1.5 ಚದರ ಮಿಮೀ ಹೊಸ ಅರ್ಥ್ ವೈರ್ ಕೊಟ್ಟರೆ ಶಾಶ್ವತವಾಗಿ ಸಾಕಾ?