ಕಣ್ಣು ಒಣ, ಬಾಯಿ ಒಣ, ಶುಗರ್ ಮಾತ್ರ ನಾರ್ಮಲ್

(ಗುಂಪಿನಲ್ಲಿ ಈ ವಾರ ಪ್ರಶ್ನೆಗಳಿಗೆ ಉತ್ತರಿಸುವವರು ಧಾರವಾಡದಲ್ಲಿ ಕೀಲುವಾತದ ರೋಗಿಗಳನ್ನು ನೋಡುವ ಡಾಕ್ಟರ್)

ಪ್ರಶ್ನೆ, ಹುಬ್ಬಳ್ಳಿಯಿಂದ, 47 ವರ್ಷ

ಡಾಕ್ಟ್ರೇ, ನಮಸ್ಕಾರ ರೀ. ಎರಡು ವರ್ಷದಿಂದ ಕಣ್ಣಲ್ಲಿ ಮರಳು ಬಿದ್ದ ಹಾಗೆ ಚುರುಚುರು ಅನ್ನುತ್ತದೆ. ಮೊದಲು ಧೂಳು ಅಂದುಕೊಂಡೆ, ನಮ್ಮ ಹುಬ್ಬಳ್ಳಿ ಧೂಳು ನಿಮಗೆ ಗೊತ್ತೇ ಇದೆ. ಕಣ್ಣಿನ ಡಾಕ್ಟರ್ ಡ್ರಾಪ್ಸ್ ಕೊಟ್ಟರು. ಆಮೇಲೆ ಬಾಯಿ ಒಣಗೋದು ಶುರುವಾಯಿತು. ಖಡಕ್ ರೊಟ್ಟಿ ಒಂದು ತುತ್ತು ಬಾಯಿಗಿಟ್ಟರೆ ನೀರು ಕುಡಿಯದೆ ಒಳಗೆ ಇಳಿಯುವುದಿಲ್ಲ. ರಾತ್ರಿ ಮೂರು ಸಲ ಎದ್ದು ನೀರು ಕುಡಿಯುತ್ತೇನೆ. ಶುಗರ್ ಇರಬೇಕು ಅಂತ ಎರಡು ಸಲ ಚೆಕ್ ಮಾಡಿಸಿದೆ, ನಾರ್ಮಲ್. ಒಂದೇ ವರ್ಷದಲ್ಲಿ ನಾಲ್ಕು ಹಲ್ಲು ಹುಳುಕಾದವು, ಅದಕ್ಕೆ ಹಲ್ಲಿನ ಡಾಕ್ಟರ್ ಬೇರೆ. ಬೆಳಿಗ್ಗೆ ಬೆರಳಿನ ಗೆಣ್ಣು ಬಿಗಿಯಾಗಿರುತ್ತವೆ, ಅದಕ್ಕೆ ಮೂಳೆ ಡಾಕ್ಟರ್ ಬೇರೆ. ಮೊನ್ನೆ ಒಬ್ಬರು ಇದು ಶೋಗ್ರೆನ್ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ ಅಂದರು. ಈ ಹೆಸರೇ ಕೇಳಿರಲಿಲ್ಲ. ಮನೆಯಲ್ಲಿ ‘ಮುಟ್ಟು ನಿಲ್ಲೋ ವಯಸ್ಸು, ಸುಮ್ನೆ ತಲೆ ಕೆಡಿಸ್ಕೋಬೇಡ’ ಅನ್ನುತ್ತಾರೆ. ಏನಿದು?

ಉತ್ತರ

ಅಕ್ಕಾರೇ, ಕಣ್ಣನ್ನು ಒಬ್ಬರಿಗೆ, ಹಲ್ಲನ್ನು ಒಬ್ಬರಿಗೆ, ಬೆರಳನ್ನು ಮತ್ತೊಬ್ಬರಿಗೆ ತೋರಿಸಿದ್ದೀರಿ. ಎಲ್ಲರೂ ತಮ್ಮ ಪಾಲಿನದನ್ನು ಸರಿಯಾಗಿಯೇ ನೋಡಿರಬಹುದು. ಆದರೆ ಈ ಕಾಯಿಲೆ ಹಾಗೆ ಬಿಡಿಬಿಡಿಯಾಗಿ ನೋಡಿದರೆ ಸಿಗುವುದಿಲ್ಲ. ಇಲ್ಲಿ ನೀವು ಎಲ್ಲವನ್ನೂ ಒಂದೇ ಉಸಿರಿಗೆ ಬರೆದಿದ್ದೀರಲ್ಲ, ಇದನ್ನೇ ಚೀಟಿಯಲ್ಲಿ ಬರೆದು ಡಾಕ್ಟರ್ ಮುಂದೆ ಇಡಿ.

ಕಣ್ಣೀರು ಬರುವುದು, ಜೊಲ್ಲು ಬರುವುದು ಎರಡೂ ಗ್ರಂಥಿಗಳಿಂದ. ಬಾಯಿಗೆ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರ್‌ವರೆಗೆ ಜೊಲ್ಲು ಬರುತ್ತದೆ, ಬರುತ್ತಿರುವವರೆಗೂ ಅದು ನಮ್ಮ ಲೆಕ್ಕಕ್ಕೇ ಇರುವುದಿಲ್ಲ. ಶೋಗ್ರೆನ್ ಇದ್ದವರಲ್ಲಿ ರೋಗಾಣುಗಳ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳು ಈ ಗ್ರಂಥಿಗಳೊಳಗೇ ಬಂದು ಠಿಕಾಣಿ ಹೂಡುತ್ತವೆ. ಬಾವಿಯಲ್ಲಿ ಹೂಳು ತುಂಬಿದ ಹಾಗೆ. ಸೆಲೆ ಪೂರ್ತಿ ಬತ್ತಿರುವುದಿಲ್ಲ, ಆದರೆ ಮೇಲೆ ಬರುವ ನೀರು ಕಡಿಮೆ. ನಮ್ಮ ದೇಹ ನಮ್ಮ ಮೇಲೆಯೇ ತಿರುಗಿಬೀಳುವ ಕಾಯಿಲೆಗಳ ಗುಂಪಿಗೆ ಇದೂ ಸೇರುತ್ತದೆ, ಸಂಧಿವಾತದ ಹಾಗೆ. ಎಷ್ಟೋ ಸಲ ಎರಡೂ ಒಟ್ಟಿಗೇ ಇರುತ್ತವೆ.

ಹೆಸರು ಸ್ವೀಡನ್ನಿನ ಕಣ್ಣಿನ ಡಾಕ್ಟರ್ ಹೆನ್ರಿಕ್ ಶೋಗ್ರೆನ್ ಅವರದು. 1933ರಲ್ಲಿ ಅವರು ಬರೆದ ಪ್ರಬಂಧದಲ್ಲಿ 19 ಹೆಂಗಸರ ವಿವರ ಇದೆ. ಎಲ್ಲರಿಗೂ ಒಣಗಣ್ಣು, ಅವರಲ್ಲಿ 13 ಜನಕ್ಕೆ ಕೀಲುನೋವೂ ಇತ್ತು. ಕಣ್ಣಿನ ಡಾಕ್ಟರ್ ಆಗಿದ್ದೂ ಅವರು ರೋಗಿಯ ಕೈಬೆರಳು ನೋಡಿದರು, ಅದಕ್ಕೇ ಕಾಯಿಲೆ ಸಿಕ್ಕಿತು. ಇಂದಿಗೂ ಹತ್ತು ರೋಗಿಗಳಲ್ಲಿ ಒಂಬತ್ತು ಜನ ಹೆಂಗಸರು, ಅದೂ ಹೆಚ್ಚಾಗಿ ನಲವತ್ತು ದಾಟಿದವರು. ‘ಮುಟ್ಟು ನಿಲ್ಲೋ ವಯಸ್ಸು’ ಅಂತ ತಳ್ಳಿಹಾಕುವುದು ಸುಲಭವಾಗಿರುವುದು ಇದಕ್ಕೇ. ಮುಟ್ಟು ನಿಲ್ಲುವಾಗ ಕಣ್ಣು ಸ್ವಲ್ಪ ಒಣಗಬಹುದು, ನಿಜ. ಒಂದು ವರ್ಷದಲ್ಲಿ ನಾಲ್ಕು ಹಲ್ಲು ಅದರಿಂದ ಹೋಗುವುದಿಲ್ಲ ರೀ.

ಪರೀಕ್ಷೆಗಳ ಬಗ್ಗೆ. ಮೊದಲನೆಯದು ಬಲು ಸರಳ. ಬೆರಳಗಲವೂ ಇಲ್ಲದ ಒಂದು ಕಾಗದದ ಪಟ್ಟಿ. ತುದಿ ಮಡಚಿ ಕೆಳಗಿನ ಕಣ್ಣುರೆಪ್ಪೆಗೆ ಸಿಕ್ಕಿಸಿ ಕಣ್ಣು ಮುಚ್ಚಿಸಿ ಕೂರಿಸುತ್ತಾರೆ. ಐದು ನಿಮಿಷ ಆದಮೇಲೆ ಕಾಗದ ಎಷ್ಟು ದೂರ ಒದ್ದೆಯಾಗಿದೆ ಅಂತ ಅಳೆಯುತ್ತಾರೆ. 5 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಣ್ಣೀರು ಸಾಲುತ್ತಿಲ್ಲ ಅಂತ ಅರ್ಥ. ಬಾಯಿಗೂ ಹೀಗೇ ಒಂದು ಅಳತೆ ಇದೆ. 15 ನಿಮಿಷ ಸುಮ್ಮನೆ ಕೂತು ಬಂದ ಜೊಲ್ಲನ್ನೆಲ್ಲ ಕಪ್ಪಿಗೆ ಉಗುಳುವುದು. ಒಂದೂವರೆ ಮಿಲಿಲೀಟರ್ ಕೂಡ ದಾಟದಿದ್ದರೆ ಅದು ಕಡಿಮೆ.

ರಕ್ತದಲ್ಲಿ ಎಸ್‌ಎಸ್‌ಎ ಅನ್ನುವ ಆಂಟಿಬಾಡಿ ನೋಡುತ್ತೇವೆ, ಕೆಲವು ಲ್ಯಾಬ್ ಅದನ್ನೇ ‘ರೋ’ ಅಂತ ಬರೆಯುತ್ತವೆ. ಇಲ್ಲಿ ಒಂದು ಎಚ್ಚರಿಕೆ. ಎಎನ್‌ಎ ಅಂತ ಇನ್ನೊಂದು ಆಂಟಿಬಾಡಿ ಪರೀಕ್ಷೆ ಇದೆ. ಬರೀ ಅದು ಪಾಸಿಟಿವ್ ಅಂತ ಬಂದರೆ ಗಾಬರಿಯಾಗಬೇಡಿ, ಆರೋಗ್ಯವಾಗಿರುವವರಲ್ಲೂ ಅದು ಬರುತ್ತದೆ. ಹಾಗೆಯೇ ಎಸ್‌ಎಸ್‌ಎ ನೆಗೆಟಿವ್ ಬಂತು ಅಂತ ಫೈಲ್ ಮುಚ್ಚಲೂಬೇಡಿ. ಕಾಯಿಲೆ ಇದ್ದೂ ಅದು ಬರದವರು ಸಾಕಷ್ಟು ಜನ ಇದ್ದಾರೆ. ಅಂಥವರಿಗೆ ಕೆಳತುಟಿಯ ಒಳಭಾಗದಲ್ಲಿ ಸಣ್ಣ ಗೀರು ಹಾಕಿ ಮೂರ್ನಾಲ್ಕು ಪುಟ್ಟ ಗ್ರಂಥಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ತುಟಿ ಬಯಾಪ್ಸಿ ಅಂದ ಕೂಡಲೇ ಎಲ್ಲರೂ ಕ್ಯಾನ್ಸರ್ ಪರೀಕ್ಷೆ ಅಂದುಕೊಂಡು ಹೆದರುತ್ತಾರೆ. ಅದಲ್ಲ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ಕೆಲವರಿಗೆ ಆ ಜಾಗ ಸ್ವಲ್ಪ ದಿನ ಜೋಮು ಹಿಡಿದ ಹಾಗೆ ಇರುತ್ತದೆ.

ಪ್ರಶ್ನೆ, ಗದಗದಿಂದ

ಸರ್, ನಮ್ಮ ತಾಯಿಗೂ ಬಾಯಿ ಒಣಗುತ್ತದೆ. ವಯಸ್ಸು 63. ಬಿಪಿ ಗುಳಿಗೆ, ರಾತ್ರಿ ನಿದ್ದೆಗೆ ಒಂದು, ಮೂಗು ಸೋರುವುದಕ್ಕೆ ಸೆಟ್ರಿಜಿನ್. ಈ ಪರೀಕ್ಷೆ ಎಲ್ಲ ಮಾಡಿಸಬೇಕಾ?

ಉತ್ತರ

ಮೊದಲು ಗುಳಿಗೆ ನೋಡೋಣ. ಒಣಬಾಯಿಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಔಷಧಿಗಳೇ. ಸೆಟ್ರಿಜಿನ್ ಬಾಯಿ ಒಣಗಿಸುತ್ತದೆ. ನಿದ್ದೆಗೆ ಕೊಟ್ಟಿರುವುದು ಅಮಿಟ್ರಿಪ್ಟಿಲಿನ್ ಆಗಿದ್ದರೆ ಅದು ಇನ್ನೂ ಜಾಸ್ತಿ. ಹೆಚ್ಚು ಮೂತ್ರ ಬರಿಸುವ ಬಿಪಿ ಗುಳಿಗೆಯೂ ಈ ಸಾಲಿಗೆ ಸೇರುತ್ತದೆ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ನಿಮ್ಮ ಡಾಕ್ಟರ್ ಹತ್ತಿರ ಹೋಗಿ, ಯಾವುದನ್ನು ಬದಲಿಸಬಹುದು ಅಂತ ಕೇಳಿ. ಬದಲಿಸಿದ ಮೇಲೂ ಒಣಗುವುದು ನಿಲ್ಲದಿದ್ದರೆ ಆಮೇಲೆ ಉಳಿದದ್ದು.

ಪ್ರಶ್ನೆ, ಬ್ಯಾಡಗಿಯಿಂದ

ಅಣ್ಣಾರ, ನಾನು ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಕೆಲಸ ಮಾಡುತ್ತೇನೆ. ಕಣ್ಣು ಉರಿ, ಆದರೆ ನೀರು ಸುರಿಯುತ್ತದೆ. ಒಣಗಣ್ಣು ಅಂದರೆ ನೀರೇ ಬರಬಾರದಲ್ವಾ?

ಉತ್ತರ

ಬರಬಹುದು ತಮ್ಮಾ. ಕಣ್ಣನ್ನು ಸದಾ ತೇವವಾಗಿಡುವ ತೆಳು ಪದರ ಕೆಟ್ಟರೆ ಕಣ್ಣು ಕೆರಳಿ ಒಮ್ಮೆಲೇ ನೀರು ಸುರಿಸುತ್ತದೆ, ಮತ್ತೆ ಒಣಗುತ್ತದೆ. ಆದರೆ ನಿನ್ನ ಕಾರಣ ಎದುರಿಗೇ ಗುಡ್ಡೆ ಹಾಕಿದೆ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ, ಆದರೂ ಘಾಟು ಘಾಟೇ. ಸುತ್ತಲೂ ಮುಚ್ಚುವ ಕನ್ನಡಕ ಹಾಕಿಕೊಂಡು ಕೆಲಸ ಮಾಡು. ರಜೆಯ ದಿನ ಕಣ್ಣು ಹಗುರ ಅನಿಸಿದರೆ ಹೆಚ್ಚು ಯೋಚನೆ ಬೇಡ. ರಜೆಯಲ್ಲೂ ಹಾಗೇ ಇದ್ದು, ಬಾಯಿಯೂ ಒಣಗುತ್ತಿದ್ದರೆ ಮಾತ್ರ ತೋರಿಸು.

ಒಬ್ಬರ ಮಾತು

ನಮ್ಮ ಕಡೆ ಕಣ್ಣಿಗೆ ಜೇನುತುಪ್ಪ ಬಿಡುತ್ತಾರೆ. ನಾಲ್ಕು ದಿನದಲ್ಲಿ ತಂಪಾಗುತ್ತದೆ.

ಉತ್ತರ

ದಯವಿಟ್ಟು ಬೇಡ. ಒಣಗಿದ ಕಣ್ಣಿನ ಕರಿಗುಡ್ಡೆ ಮೊದಲೇ ತರಚಿದಂತಿರುತ್ತದೆ, ಸೋಂಕು ತಗುಲುವುದು ಬೇಗ. ಇದಕ್ಕಿಂತ ನನಗೆ ಹೆಚ್ಚು ಭಯ ಇರುವುದು ಇನ್ನೊಂದರ ಬಗ್ಗೆ. ಮೆಡಿಕಲ್ ಶಾಪಿಗೆ ಹೋಗಿ ‘ಕಣ್ಣು ಕೆಂಪಾಗಿದೆ, ಏನಾದರೂ ಕೊಡಿ’ ಅಂತ ತಂದು ತಿಂಗಳುಗಟ್ಟಲೆ ಹಾಕುವ ಡ್ರಾಪ್ಸ್. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನಕ್ಕೆ ಕಣ್ಣು ಬೆಳ್ಳಗಾಗುತ್ತದೆ, ಎಲ್ಲರಿಗೂ ಖುಷಿ. ಹಾಗೇ ಹಾಕುತ್ತಾ ಹೋದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಬರಬಹುದು, ಪೊರೆಯೂ ಬೆಳೆಯಬಹುದು.

ಮತ್ತೆ ಹುಬ್ಬಳ್ಳಿಯ ಅಕ್ಕ

ಡಾಕ್ಟ್ರೇ, ಹೇಳಿದ್ದೆಲ್ಲ ಮಾಡಿಸಿದೆ. ಕಾಗದ 3 ಮಿಲಿಮೀಟರ್. ಎಸ್‌ಎಸ್‌ಎ ಪಾಸಿಟಿವ್. ಶೋಗ್ರೆನ್ನೇ ಅಂದರು. ಇದು ಪೂರ್ತಿ ಗುಣ ಆಗುತ್ತದಾ? ಮಕ್ಕಳಿಗೆ ಅಂಟುತ್ತದಾ? ಮಗಳಿಗೆ ಹೋದ ವರ್ಷ ಮದುವೆ ಆಗಿದೆ.

ಉತ್ತರ

ಅಂಟುವ ಕಾಯಿಲೆ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಬರುವುದಿಲ್ಲ. ಬುಡದಿಂದ ಕಿತ್ತುಹಾಕುವ ಔಷಧಿಯೂ ಇಲ್ಲ, ಯಾರಾದರೂ ಇದೆ ಅಂತ ದುಡ್ಡು ಕೇಳಿದರೆ ಎದ್ದು ಬನ್ನಿ. ಆದರೆ ಹೆಚ್ಚಿನವರು ಇದರ ಜೊತೆ ಚೆನ್ನಾಗಿಯೇ ಬದುಕುತ್ತಾರೆ. ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ ತನಗೆ ಶೋಗ್ರೆನ್ ಇದೆ ಅಂತ 2011ರಲ್ಲಿ ಹೇಳಿಕೊಂಡರು, ಆಮೇಲೂ ವರ್ಷಗಟ್ಟಲೆ ಆಡಿದರು. ಅವರನ್ನು ಕಾಡಿದ್ದು ಸುಸ್ತು. ನೀವು ಅದನ್ನು ಬರೆದಿಲ್ಲ, ಆದರೆ ಇದ್ದೇ ಇರುತ್ತದೆ ಅನಿಸುತ್ತದೆ. ಅದು ಸೋಮಾರಿತನ ಅಲ್ಲ, ಕಾಯಿಲೆಯ ಭಾಗ ಅಂತ ಮನೆಯವರಿಗೆ ಇದನ್ನು ಓದಿ ಹೇಳಿ.

ಕಣ್ಣಿಗೆ ಕೃತಕ ಕಣ್ಣೀರಿನ ಡ್ರಾಪ್ಸ್. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕುವುದಾದರೆ ಪ್ರಿಸರ್ವೇಟಿವ್ ಇಲ್ಲದ್ದನ್ನೇ ಕೇಳಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಡ್ರಾಪ್ಸೇ ಉರಿ ತರುತ್ತದೆ. ಫ್ಯಾನ್ ಗಾಳಿ ಮುಖಕ್ಕೆ ನೇರವಾಗಿ ಬೀಸದ ಹಾಗೆ ಮಂಚ ತಿರುಗಿಸಿ. ಸಾಲದಿದ್ದರೆ ಸೈಕ್ಲೋಸ್ಪೋರಿನ್ ಡ್ರಾಪ್ಸ್ ಇದೆ. ಹಾಕಿದಾಗ ಉರಿಯುತ್ತದೆ, ಫಲ ಕಾಣಲು ತಿಂಗಳುಗಳು ಬೇಕು, ವಾರಕ್ಕೇ ಬಿಟ್ಟುಬಿಡಬೇಡಿ. ಕಣ್ಣೀರು ಮೂಗಿನ ಕಡೆ ಇಳಿಯುವ ಸಣ್ಣ ತೂತಿಗೆ ಬಿರಡೆ ಹಾಕುವ ಉಪಾಯವೂ ಇದೆ, ಇರುವ ನೀರಾದರೂ ಕಣ್ಣಲ್ಲೇ ನಿಲ್ಲಲಿ ಅಂತ.

ಬಾಯಿಗೆ ಗುಟುಕು ಗುಟುಕಾಗಿ ನೀರು. ಲೀಟರ್‌ಗಟ್ಟಲೆ ಕುಡಿದರೆ ರಾತ್ರಿ ಬಚ್ಚಲಿಗೆ ಓಡಾಡುವುದಷ್ಟೇ ಲಾಭ, ಜೊಲ್ಲು ಹೆಚ್ಚುವುದಿಲ್ಲ. ಬಾಯಿ ತೇವವಾಗಲಿ ಅಂತ ಪೆಪ್ಪರ್‌ಮಿಂಟ್ ಚೀಪುತ್ತಾ ಇರಬೇಡಿ, ನಿಂಬೆಹುಳಿಯೂ ಬೇಡ. ಜೊಲ್ಲಿಲ್ಲದ ಬಾಯಲ್ಲಿ ಸಕ್ಕರೆ, ಹುಳಿ ಎರಡೂ ಹಲ್ಲನ್ನು ಬುಡದಲ್ಲೇ ತಿನ್ನುತ್ತವೆ. ಸಕ್ಕರೆ ಇಲ್ಲದ, ಕ್ಸೈಲಿಟಾಲ್ ಇರುವ ಚೂಯಿಂಗ್ ಗಮ್ ಅಗಿಯಬಹುದು. ಫ್ಲೋರೈಡ್ ಹೆಚ್ಚಿರುವ ಪೇಸ್ಟನ್ನು ಹಲ್ಲಿನ ಡಾಕ್ಟರ್ ಬರೆದುಕೊಡಲಿ, ಹಲ್ಲು ನೋಯುವವರೆಗೆ ಕಾಯದೆ ಆರು ತಿಂಗಳಿಗೊಮ್ಮೆ ತೋರಿಸಿ. ಪಿಲೋಕಾರ್ಪಿನ್ ಅನ್ನುವ ಗುಳಿಗೆ ಉಳಿದಿರುವ ಗ್ರಂಥಿಯಿಂದ ಜೊಲ್ಲು ಹಿಂಡಿಸುತ್ತದೆ. ಬೆವರೂ ಜಾಸ್ತಿ ಆಗುತ್ತದೆ. ಉಬ್ಬಸ ಇದ್ದವರು ಮೊದಲೇ ಹೇಳಬೇಕು.

ನಿಮ್ಮ ಬೆರಳಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಬರೆದಿರಬಹುದು. ಅದು ಕೀಲಿಗೆ. ಅದರಿಂದ ಬಾಯಿ ಒದ್ದೆಯಾಗಲಿಲ್ಲ ಅಂತ ಬೇಸರ ಪಡಬೇಡಿ. ಈ ಗುಳಿಗೆ ಕಣ್ಣಿನ ಹಿಂಪರದೆಗೆ ತೊಂದರೆ ಕೊಡಬಹುದು, ಅದಕ್ಕೇ ಶುರು ಮಾಡುವಾಗ ಒಮ್ಮೆ ಅದನ್ನು ನೋಡಿಸಿ, ಐದು ವರ್ಷ ದಾಟಿದ ಮೇಲೆ ಪ್ರತಿ ವರ್ಷ.

ಮಗಳ ವಿಷಯ. ತಾಯಿಗೆ ಇದ್ದ ಮಾತ್ರಕ್ಕೆ ಮಗಳಿಗೆ ಬಂದೇ ಬರುತ್ತದೆ ಅಂತಿಲ್ಲ. ಅವಳಿಗೂ ಕಣ್ಣು, ಬಾಯಿ ಒಣಗುವುದು ಅಥವಾ ಕೀಲುನೋವು ಇದ್ದರೆ ಬಸುರಾಗುವ ಮೊದಲೇ ಎಸ್‌ಎಸ್‌ಎ ನೋಡಿಸಿ. ಅದಿರುವ ತಾಯಂದಿರಲ್ಲಿ ನೂರಕ್ಕೆ ಒಬ್ಬರು ಇಬ್ಬರ ಮಗುವಿಗೆ ಹೊಟ್ಟೆಯಲ್ಲಿದ್ದಾಗಲೇ ಎದೆಬಡಿತ ನಿಧಾನವಾಗುವ ತೊಂದರೆ ಬರಬಹುದು. ಗೊತ್ತಿದ್ದರೆ ನಾಲ್ಕೂವರೆ ತಿಂಗಳ ಸುಮಾರಿನಿಂದ ಮಗುವಿನ ಹೃದಯದ ಸ್ಕ್ಯಾನ್ ಮಾಡುತ್ತಾ ಕಣ್ಣಿಡುತ್ತಾರೆ.

ಇನ್ನು, ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಕಿವಿಯ ಕೆಳಗೆ ಮಂಗನಬಾವಿನ ಹಾಗೆ ಊದಿಕೊಂಡು ವಾರಗಟ್ಟಲೆ ಇಳಿಯದಿರುವುದು, ಕುತ್ತಿಗೆಯಲ್ಲಿ ಗಂಟು, ಕಾರಣ ಇಲ್ಲದೆ ತೂಕ ಇಳಿಯುವುದು, ಕಾಲಿನ ಮೇಲೆ ಕೆಂಪು ಚುಕ್ಕೆ. ನೂರರಲ್ಲಿ ಸುಮಾರು ಐದು ಜನಕ್ಕೆ ಜೀವಮಾನದಲ್ಲಿ ಯಾವಾಗಲಾದರೂ ಲಿಂಫೋಮಾ ಅನ್ನುವ ಕ್ಯಾನ್ಸರ್ ಬರಬಹುದು, ಅದಕ್ಕೇ ಈ ಎಚ್ಚರ. ಒಣಕೆಮ್ಮು, ನಡೆದರೆ ಏದುಸಿರು ಬಂದರೂ ಹೇಳಿ, ಶ್ವಾಸಕೋಶ ನೋಡಬೇಕು. ಒಂದು ದಿನ ಬೆಳಿಗ್ಗೆ ಏಳುವಾಗ ಕೈಕಾಲಲ್ಲಿ ಶಕ್ತಿಯೇ ಇಲ್ಲ ಅನಿಸಿದರೆ ನೇರವಾಗಿ ಆಸ್ಪತ್ರೆಗೆ. ಈ ಕಾಯಿಲೆ ಕಿಡ್ನಿಗೆ ತಗುಲಿದಾಗ ರಕ್ತದಲ್ಲಿ ಪೊಟ್ಯಾಸಿಯಂ ಇಳಿದು ಹಾಗಾಗುತ್ತದೆ.

ಹುಬ್ಬಳ್ಳಿಯ ಅಕ್ಕ

ಮನೆಯವರಿಗೆ ಓದಿ ಹೇಳಿದೆ, ಸುಮ್ಮನಾದರು. ಕೊನೆಗೊಂದು ಕೇಳಲಾ? ರೊಟ್ಟಿ ಬಿಡಬೇಕಾ?

ಉತ್ತರ

ರೊಟ್ಟಿ ಬಿಡಿ ಅಂತ ಹುಬ್ಬಳ್ಳಿಯವರಿಗೆ ಹೇಳಿ ನಾನೆಲ್ಲಿ ಓಡಿಹೋಗಲಿ? ಖಡಕ್ ಬೇಡ, ಬಿಸಿ ಮೆತ್ತನೆಯದು ತಿನ್ನಿ. ಖಡಕ್ಕೇ ಬೇಕು ಅನಿಸಿದ ದಿನ ಮುರಿದು ಬೇಳೆಯಲ್ಲೋ ಮೊಸರಿನಲ್ಲೋ ನೆನೆಹಾಕಿ. ಶೇಂಗಾ ಚಟ್ನಿಪುಡಿಗೆ ಎಣ್ಣೆ, ಮೊಸರು ಕಲಸಿಕೊಳ್ಳಿ, ಒಣಪುಡಿ ಗಂಟಲಲ್ಲಿ ನಿಲ್ಲುತ್ತದೆ. ಖಾರದ ರಂಜಕ ಚಟ್ನಿ ಸ್ವಲ್ಪ ದಿನ ದೂರ ಇರಲಿ. ನಾಲಿಗೆ ಕೆಂಪಾಗಿ ಉರಿಯುತ್ತಿದ್ದರೆ ಬಾಯಲ್ಲಿ ಫಂಗಸ್ ಇರಬಹುದು, ಅದಕ್ಕೆ ಔಷಧಿ ಇದೆ. ಮುಂದಿನ ಸಲ ಬರುವಾಗ ನಾಲಿಗೆ ತೋರಿಸಿ.