ಸ್ಕೌಟ್ ದಳದ ಚಾರಣ: ಜೋಗಿಮಟ್ಟಿಯಲ್ಲಿ ರಾತ್ರಿ ತಂಗಬಹುದೇ?

ದಾವಣಗೆರೆಯ ಸ್ಕೌಟ್ ಮಾಸ್ಟರ್:
ನಮಸ್ಕಾರ. ನಮ್ಮ ಶಾಲೆಯ ಸ್ಕೌಟ್ ದಳವನ್ನು ದಸರಾ ರಜೆಯ ಬಳಿಕ ಎರಡು ದಿನಗಳ ಚಾರಣ ಮತ್ತು ಶಿಬಿರಕ್ಕೆ ಕರೆದೊಯ್ಯುವ ಯೋಚನೆಯಿದೆ. ಚಿತ್ರದುರ್ಗದ ಬಳಿಯ ಜೋಗಿಮಟ್ಟಿ ಬೆಟ್ಟದಲ್ಲಿಯೇ ಡೇರೆ ಹಾಕಬೇಕೆಂಬುದು ಮಕ್ಕಳ ಆಸೆ. ಮನೆಯಿಂದ ಹೊರಗೆ ಮೊದಲ ಬಾರಿ ಮಲಗುವ ಹುಡುಗರೂ ಇರುವುದರಿಂದ ಇದು ಸೂಕ್ತವೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಚಿತ್ರದುರ್ಗದ ಚಾರಣಿಗ:
ಸರ್, ಜೋಗಿಮಟ್ಟಿಯು ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಡೇರೆ ಹಾಕುವಂತಿಲ್ಲ. ಅನುಮತಿ ದೊರೆತರೂ, ಕರಡಿ ಮತ್ತು ಚಿರತೆಗಳಿರುವ ಕಾಡಿನಲ್ಲಿ ಅಡುಗೆ ಮಾಡಿ ಮಕ್ಕಳನ್ನು ಮಲಗಿಸುವುದು ನನಗಂತೂ ಸರಿಯೆನಿಸದು. ಬೆಳಿಗ್ಗೆ ಬೇಗ ಹತ್ತಿ, ಬಿಸಿಲೇರುವ ಮುನ್ನ ಇಳಿದುಬಿಡಿ. ಮಧ್ಯಾಹ್ನದ ನಂತರ ಹತ್ತಿರದ ಚಂದ್ರವಳ್ಳಿಗೆ ಹೋದರೆ ಕೆರೆ, ಅಂಕಲಿ ಮಠದ ಗುಹೆಗಳು ಹಾಗೂ ಕದಂಬ ಮಯೂರಶರ್ಮನ ಶಾಸನ ಒಂದೇ ಕಡೆ ಸಿಗುತ್ತವೆ. ಗುಹೆಯೊಳಗೆ ಕತ್ತಲಿರುವುದರಿಂದ ಟಾರ್ಚ್ ಜೊತೆಗೆ ಸ್ಥಳೀಯ ಮಾರ್ಗದರ್ಶಿಯೂ ಬೇಕು.

ನಿವೃತ್ತ ಗೈಡ್ ಕ್ಯಾಪ್ಟನ್:
ರಾತ್ರಿ ವಾಸ್ತವ್ಯಕ್ಕೆ ಹರಿಹರ ತಾಲ್ಲೂಕಿನ ಕೊಂಡಜ್ಜಿಯೇ ಉತ್ತಮ. ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ ಕೇಂದ್ರವೇ ಅಲ್ಲಿರುವಾಗ (ನಿಮ್ಮೂರಿಗೂ ಅದು ಹತ್ತಿರ) ಕಾಡಿನ ಹಟವೇಕೆ? ಡೇರೆ ಕಟ್ಟುವುದು, ಗಂಟುಗಳ ಅಭ್ಯಾಸ, ಪ್ಯಾಟ್ರೋಲ್‌ವಾರು (ಅಂದರೆ ಸ್ಕೌಟ್‌ಗಳ ಚಿಕ್ಕ ತಂಡವಾರು) ಅಡುಗೆ ಎಲ್ಲವನ್ನೂ ನೆಮ್ಮದಿಯಿಂದ ಕಲಿಸಬಹುದು. ಆದರೆ ಅಲ್ಲಿನ ಕೆರೆಯ ದಂಡೆಗೆ ಹಿರಿಯರಿಲ್ಲದೆ ಯಾರನ್ನೂ ಬಿಡಬೇಡಿ. ಪೋಷಕರ ಒಪ್ಪಿಗೆಯನ್ನು ಬರಹದಲ್ಲಿಯೇ ಪಡೆಯಿರಿ.

ದಾವಣಗೆರೆಯ ಸ್ಕೌಟ್ ಮಾಸ್ಟರ್:
ಇಬ್ಬರಿಗೂ ಧನ್ಯವಾದಗಳು. ಮೊದಲ ದಿನ ಜೋಗಿಮಟ್ಟಿ, ಚಂದ್ರವಳ್ಳಿ. ರಾತ್ರಿಗೆ ಕೊಂಡಜ್ಜಿ ಎಂದು ನಿಶ್ಚಯಿಸಿ, ಜೋಗಿಮಟ್ಟಿ ಚಾರಣಕ್ಕಾಗಿ ಅರಣ್ಯ ಇಲಾಖೆಗೆ ಈ ವಾರವೇ ಅರ್ಜಿ ಸಲ್ಲಿಸುತ್ತೇನೆ.