65 ಸಾವಿರದಲ್ಲಿ ಮಿಂಚೋ ಗೇಮಿಂಗ್ ಪಿಸಿ: ಈ ಲಿಸ್ಟ್ ಸರಿ ಇದೆಯಾ?

ಬೆಣ್ಣೆನಗರಿ_ಹುಡುಗ

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಇಂಜಿನಿಯರಿಂಗ್ ಮೂರನೇ ವರ್ಷ. ಮೊದಲ ಸಲ ಪಿಸಿ ಮಾಡಿಸುತ್ತಿದ್ದೇನೆ. ಮಾನಿಟರ್ ಬಿಟ್ಟು 65 ಸಾವಿರ, ಅದರ ಮೇಲೆ ಒಂದು ರೂಪಾಯಿನೂ ಇಲ್ಲ ಅಂತ ಅಪ್ಪ ಹೇಳಿಬಿಟ್ಟಿದ್ದಾರೆ. ಮಾನಿಟರ್ ಅಣ್ಣ ಕೊಡಿಸುತ್ತಾನೆ, 1080ಪಿ, 144 ಹರ್ಟ್ಸ್. ಆಡೋದು ವ್ಯಾಲರಂಟ್, ಜಿಟಿಎ 5, ಮುಂದೆ ಸೈಬರ್‌ಪಂಕ್.

ಪಿಸಿ ನೋಡೋಕೂ ಚೆನ್ನಾಗಿರಬೇಕು, ಅದರಲ್ಲಿ ರಾಜಿ ಇಲ್ಲ. ಗಾಜಿನ ಕ್ಯಾಬಿನೆಟ್, ಬಣ್ಣದ ಫ್ಯಾನ್‌ಗಳು, ರಾತ್ರಿ ಲೈಟ್ ಆರಿಸಿದರೆ ಇಡೀ ರೂಮು ಬೆಳಗಬೇಕು. ಪಿಯುಸಿಯಿಂದ ಇರೋ ಆಸೆ ಇದು.

ಅಂಗಡಿಯವರು ಕೊಟ್ಟ ಲಿಸ್ಟ್: ಐ5-12400ಎಫ್ ಪ್ರೊಸೆಸರ್, ಎಚ್610 ಮದರ್‌ಬೋರ್ಡ್, 240 ಎಂಎಂ ಲಿಕ್ವಿಡ್ ಕೂಲರ್, 16 ಜಿಬಿ ಆರ್‌ಜಿಬಿ (ಬಣ್ಣದ ಲೈಟಿರೋ) ರ‍್ಯಾಮ್ (ಒಂದೇ ಸ್ಟಿಕ್), 512 ಜಿಬಿ ಎಸ್‌ಎಸ್‌ಡಿ, ಜಿಟಿಎಕ್ಸ್ 1650 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಮುಂದೆ ಪೂರ್ತಿ ಗಾಜಿರೋ ಕ್ಯಾಬಿನೆಟ್ ಜೊತೆ ಆರು ಫ್ಯಾನ್. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ) ಕ್ಯಾಬಿನೆಟ್ ಜೊತೆಗೇ ಬರುತ್ತಂತೆ. ಒಟ್ಟು 64,500. ತಗೊಳ್ಳಲಾ?

ಮಲ್ನಾಡ್_ರಿಗ್

ತಮ್ಮಾ, ತಗೋಬೇಡ. ದುಡ್ಡೆಲ್ಲ ಹೊರಗೆ ಕಾಣೋ ಕಡೆ ಹೋಗಿದೆ, ಆಟ ಓಡಿಸೋ ಭಾಗಕ್ಕೆ ಉಳಿದಿದ್ದನ್ನು ಹಾಕಿದ್ದಾರೆ.

ಜಿಟಿಎಕ್ಸ್ 1650 ಬಂದಿದ್ದು 2019ರಲ್ಲಿ. ವ್ಯಾಲರಂಟ್‌ಗೆ ಸಾಕು, ಯಾಕಂದ್ರೆ ಆ ಆಟ ಪ್ರೊಸೆಸರ್ ಮೇಲೆ ಜಾಸ್ತಿ ನಿಂತಿದೆ. ಸೈಬರ್‌ಪಂಕ್‌ಗೆ ಆ 4 ಜಿಬಿ ಮೆಮೊರಿ ಬೇಗ ತುಂಬಿಹೋಗುತ್ತೆ, ಸೆಟ್ಟಿಂಗ್ಸ್ ಎಲ್ಲ ಕೆಳಗಿಳಿಸಿ ಆಡಬೇಕಾಗುತ್ತೆ. ಆರ್‌ಎಕ್ಸ್ 6600 8 ಜಿಬಿ ನೋಡು. 132 ವ್ಯಾಟ್ ಕಾರ್ಡ್, 1080ಪಿಗೆ ಅಂತಲೇ ಮಾಡಿದ್ದು.

ದುಡ್ಡು ಎಲ್ಲಿಂದ ಅಂದರೆ, ಮೊದಲು ಲಿಕ್ವಿಡ್ ಕೂಲರ್ ತೆಗೆಸು. 12400ಎಫ್ ಅಷ್ಟೇನೂ ಬಿಸಿಯಾಗೋ ಪ್ರೊಸೆಸರ್ ಅಲ್ಲ, ಡಬ್ಬದಲ್ಲಿ ಬರೋ ಕೂಲರ್ರೇ ಸಾಕು. ಆದರೆ ಬಾಕ್ಸ್ ಪ್ರೊಸೆಸರ್ರೇ ಬೇಕು ಅಂತ ಕೇಳಿ ತಗೋ. ಟ್ರೇ ಪೀಸ್ (ಡಬ್ಬ ಇಲ್ಲದೆ ಬಿಡಿಯಾಗಿ ಮಾರೋದು) ಆದರೆ ಕೂಲರ್ ಇರಲ್ಲ, ವಾರಂಟಿಯೂ ಬಾಕ್ಸ್‌ಗೆ ಇದ್ದ ಹಾಗೆ ಇರಲ್ಲ.

ಇನ್ನು ಆ ಎಸ್‌ಎಂಪಿಎಸ್. ಇದೊಂದು ವಿಷಯದಲ್ಲಿ ದಯವಿಟ್ಟು ಮಾತು ಕೇಳು. ಕ್ಯಾಬಿನೆಟ್ ಜೊತೆ ಫ್ರೀ ಬರೋದಕ್ಕೆ ಗ್ರಾಫಿಕ್ಸ್ ಕಾರ್ಡ್ ಸಿಕ್ಕಿಸಬೇಡ. ಅಂಗಡಿಯಲ್ಲೇ ಅದರ ಪಕ್ಕದ ಸ್ಟಿಕ್ಕರ್ ಓದು. +12ವಿ ಅಂತ ಇರೋ ಕಡೆ ಎಷ್ಟು ಆಂಪ್ಸ್ ಇದೆ ನೋಡಿ 12ರಿಂದ ಗುಣಿಸು. ಪ್ರೊಸೆಸರ್ರೂ ಕಾರ್ಡೂ ಕರೆಂಟ್ ಎಳೆಯೋದು ಆ ಲೈನಿಂದಲೇ. ಮೇಲೆ ದೊಡ್ಡದಾಗಿ 500 ವ್ಯಾಟ್ ಅಂತ ಬರೆದು ಅಲ್ಲಿ 20 ಆಂಪ್ಸ್ ಮಾತ್ರ ಇದ್ದರೆ, ನಿನ್ನ ಕೆಲಸಕ್ಕೆ ಬರೋದು 240 ವ್ಯಾಟ್ ಅಷ್ಟೇ. ಒಳ್ಳೆ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಅದು 45ರ ಆಸುಪಾಸು ಇರುತ್ತೆ. 80 ಪ್ಲಸ್ ಬ್ರಾಂಝ್ ಗುರುತು ಇದ್ದರೆ ಒಳ್ಳೇದು, ಆದರೆ ಅದು ಕರೆಂಟ್ ಎಷ್ಟು ವೇಸ್ಟ್ ಆಗುತ್ತೆ ಅನ್ನೋದರ ಅಳತೆ ಮಾತ್ರ. ಒಳಗಿನ ಪಾರ್ಟ್ಸ್ ಗಟ್ಟಿ ಇವೆಯಾ ಅಂತ ಅದು ಹೇಳಲ್ಲ. ಎಷ್ಟು ವರ್ಷ ವಾರಂಟಿ ಅಂತಲೂ ಕೇಳು.

ರ‍್ಯಾಮ್ 8+8 ತಗೋ, ಎರಡು ಸ್ಟಿಕ್ ಇದ್ದರೆ ಡ್ಯುಯಲ್ ಚಾನೆಲ್ ಸಿಗುತ್ತೆ, ಅಂದರೆ ಎರಡೂ ಒಟ್ಟಿಗೆ ಕೆಲಸ ಮಾಡಿ ವೇಗ ಹೆಚ್ಚುತ್ತೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳಿಗೇ ಚಿಪ್ ಎಲ್ಲ ಹೋಗ್ತಿದೆ. ಇಂಥ ಹೊತ್ತಲ್ಲಿ ರ‍್ಯಾಮ್ ಮೇಲಿನ ಲೈಟಿಗೆ ಬೇರೆ ದುಡ್ಡು ಕೊಡೋದು ಬೇಡ.

ಸೋಲ್ಡರ್_ಕಡ್ಡಿ

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಲೈಟಿನ ಬಗ್ಗೆ ಹೇಳುತ್ತೇನೆ, ಹುಡುಗ ಆಸೆಪಟ್ಟಿರೋದು ಅದಕ್ಕೇ ಅಲ್ವಾ.

ಲೈಟ್ ಎರಡು ಥರ. 12 ವೋಲ್ಟಿನ ಆರ್‌ಜಿಬಿಗೆ 4 ಪಿನ್. ಎಲ್ಲಾ ಎಲ್‌ಇಡಿಯೂ ಒಂದು ಹೊತ್ತಿಗೆ ಒಂದೇ ಬಣ್ಣ. 5 ವೋಲ್ಟಿನ ಎಆರ್‌ಜಿಬಿಗೆ 3 ಪಿನ್, ಇಲ್ಲಿ ಒಂದೊಂದು ಎಲ್‌ಇಡಿಗೂ ಬೇರೆ ಬೇರೆ ಬಣ್ಣ ಕೊಡಬಹುದು. ನೀನು ವಿಡಿಯೋಗಳಲ್ಲಿ ನೋಡಿರೋ ಅಲೆ ಅಲೆಯಾಗಿ ಹರಿಯೋ ಬಣ್ಣ ಎರಡನೇದು. 5 ವೋಲ್ಟಿನ ಕನೆಕ್ಟರ್ ಹತ್ತಿರದಿಂದ ನೋಡು: ನಾಲ್ಕು ತೂತಿನ ಜಾಗ ಇರುತ್ತೆ, ಮಧ್ಯೆ ಒಂದು ಮುಚ್ಚಿರುತ್ತೆ. ಅದನ್ನು ಬಲವಂತವಾಗಿ 12 ವೋಲ್ಟಿನ ಹೆಡರ್‌ಗೆ (ಬೋರ್ಡಿನ ಮೇಲಿರೋ ಪಿನ್‌ಗಳಿಗೆ) ತುರುಕಿದರೆ ಎಲ್‌ಇಡಿ ಸುಟ್ಟುಹೋಗುತ್ತೆ. ಅಗ್ಗದ ಎಚ್610 ಬೋರ್ಡ್‌ಗಳಲ್ಲಿ ಕೆಲವಕ್ಕೆ 5 ವೋಲ್ಟಿನ ಹೆಡರ್ರೇ ಇರಲ್ಲ. ಲಿಸ್ಟ್‌ನಲ್ಲಿ ಬೋರ್ಡಿನ ಪೂರ್ತಿ ಮಾಡೆಲ್ ಬರೆಸಿಕೊಂಡು, ಕಂಪನಿ ಸೈಟಿನಲ್ಲಿ ಹೆಡರ್ ಇದೆಯಾ ನೋಡಿ ಆಮೇಲೆ ದುಡ್ಡು ಕೊಡು. ಡಿಡಿಆರ್4 ಬೋರ್ಡಾ ಡಿಡಿಆರ್5 ಬೋರ್ಡಾ (ಯಾವ ಥರದ ರ‍್ಯಾಮ್ ಹಿಡಿಸುತ್ತೆ) ಅನ್ನೋದೂ ಅಲ್ಲೇ ಗೊತ್ತಾಗುತ್ತೆ, ಎರಡೂ ಥರದ ಎಚ್610 ಮಾರ್ಕೆಟ್ಟಲ್ಲಿವೆ.

ಮುಂದೆ ಪೂರ್ತಿ ಗಾಜಿರೋ ಕ್ಯಾಬಿನೆಟ್ ಬೇಡ. ಮುಂದಿನ ಫ್ಯಾನ್‌ಗಳು ಗಾಜಿನ ಹಿಂದೆ ಕೂತು ಪಕ್ಕದ ಸಂದಿಯಿಂದ ಗಾಳಿ ಎಳೆಯಬೇಕು, ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಒಳಗೆಲ್ಲ ಕುದಿಯುತ್ತೆ. ಮುಂದೆ ಜಾಲರಿ, ಎಡಪಕ್ಕ ಗಾಜು ಇರೋದು ತಗೋ. ಜಾಲರಿಯಿಂದಲೂ ಬಣ್ಣ ಕಾಣುತ್ತೆ, ನನ್ನ ಕಣ್ಣಿಗೆ ಅದೇ ಇನ್ನೂ ಚೆಂದ.

ಆರು ಫ್ಯಾನ್ ಬೇಕಿಲ್ಲ. ಕ್ಯಾಬಿನೆಟ್ ಜೊತೆ ಬರೋ ಅಗ್ಗದ ಫ್ಯಾನ್‌ಗಳು ಸುಮಾರು ಸಲ ಮೊಲೆಕ್ಸ್ ವೈರಿನವು (ನೇರ ಎಸ್‌ಎಂಪಿಎಸ್‌ಗೆ ಸಿಕ್ಕಿಸೋದು), ಸದಾ ಒಂದೇ ಸ್ಪೀಡ್, ಸದ್ದೂ ಜಾಸ್ತಿ, ಬಣ್ಣವನ್ನೂ ಬೋರ್ಡಿಂದ ಬದಲಿಸೋಕೆ ಆಗಲ್ಲ. ಮುಂದೆ ಎರಡು ಒಳಗೆ ಎಳೆಯೋದು, ಹಿಂದೆ ಒಂದು ಹೊರಗೆ ತಳ್ಳೋದು, ನಾಲ್ಕು ಪಿನ್ ಪಿಡಬ್ಲ್ಯೂಎಂ (ಬೋರ್ಡಿಂದ ಸ್ಪೀಡ್ ಬದಲಿಸೋ ಥರದ್ದು) ಜೊತೆ 3 ಪಿನ್ ಎಆರ್‌ಜಿಬಿ. ಮಾಮೂಲಿ ಫ್ಯಾನ್‌ಗೆ ಅಡ್ಡಪಟ್ಟಿ ಇರೋ ಕಡೆಯಿಂದ ಗಾಳಿ ಹೊರಗೆ ಬರುತ್ತೆ, ಜೋಡಿಸುವಾಗ ಅದನ್ನು ನೋಡು. ದುಡ್ಡು ಉಳಿದರೆ ಒಂದು ಎಆರ್‌ಜಿಬಿ ಪಟ್ಟಿ ತಗೊಂಡು ಮೇಲಿನ ಅಂಚಿಗೆ, ಹೊರಗಿಂದ ಪಟ್ಟಿ ಕಾಣದ ಹಾಗೆ ಅಂಟಿಸು. ಬೋರ್ಡು, ಕಾರ್ಡು ಎಲ್ಲದರ ಮೇಲೂ ಬೆಳಕು ಬೀಳುತ್ತೆ. ರ‍್ಯಾಮ್‌ಗೆ ಲೈಟ್ ಇಲ್ಲ ಅಂತ ಯಾರಿಗೂ ಗೊತ್ತೇ ಆಗಲ್ಲ. ಓಪನ್‌ಆರ್‌ಜಿಬಿ ಅಂತ ಫ್ರೀ ಸಾಫ್ಟ್‌ವೇರ್ ಇದೆ, ನಿನ್ನ ಬೋರ್ಡ್ ಅದರ ಪಟ್ಟಿಯಲ್ಲಿದ್ದರೆ ಎಲ್ಲಾ ಬಣ್ಣ ಅಲ್ಲಿಂದಲೇ ಹೊಂದಿಸಬಹುದು.

ಎಸ್‌ಪಿ_ರೋಡ್_ಖಾಯಂ

ಗುರು, ಒಂದಿನ ಬಿಡುವು ಮಾಡಿಕೊಂಡು ಬೆಂಗಳೂರಿಗೆ ಬಾ. ಎಸ್‌ಪಿ ರೋಡಲ್ಲಿ ಮೂರು ನಾಲ್ಕು ಅಂಗಡಿ ಸುತ್ತಿ ಒಂದೊಂದು ಪಾರ್ಟಿಗೂ ಬೇರೆ ಬೇರೆ ರೇಟ್ ಬರೆಸಿಕೋ, ಒಟ್ಟು ಮೊತ್ತ ಮಾತ್ರ ಬರೆದುಕೊಟ್ಟರೆ ಒಪ್ಪಬೇಡ. ಬಿಲ್ ಇಲ್ಲದೆ ಕಮ್ಮಿಗೆ ಕೊಡುತ್ತೇವೆ ಅನ್ನುತ್ತಾರೆ, ಬೇಡ ಅನ್ನು. ಜಿಎಸ್‌ಟಿ ಬಿಲ್, ಅದರಲ್ಲಿ ಸೀರಿಯಲ್ ನಂಬರ್, ಇವು ಕೈಲಿದ್ದರೆ ನಾಳೆ ಸರ್ವಿಸ್ ಸೆಂಟರ್‌ನಲ್ಲಿ ವಾದ ಮಾಡೋ ಗೋಜಿಲ್ಲ. ಮತ್ತೆ ಒಂದು ಮಾತು, ಸೆಕೆಂಡ್ ಹ್ಯಾಂಡ್‌ನಲ್ಲಿ ಇದೇ ದುಡ್ಡಿಗೆ ಆರ್‌ಎಕ್ಸ್ 6600ಗಿಂತ ದೊಡ್ಡ ಕಾರ್ಡೇ ಸಿಗುತ್ತೆ, ಯೋಚಿಸು.

ಮಲ್ನಾಡ್_ರಿಗ್

@ಎಸ್‌ಪಿ_ರೋಡ್_ಖಾಯಂ ಸೆಕೆಂಡ್ ಹ್ಯಾಂಡ್ ನಾನು ಒಪ್ಪಲ್ಲ. ಹಳೆ ಕಾರ್ಡ್ ಕ್ರಿಪ್ಟೋ ಮೈನಿಂಗ್‌ಗೆ ದುಡಿದಿದ್ದೋ ಏನೋ, ಮೊದಲ ಪಿಸಿ ಮಾಡೋನಿಗೆ ಅದನ್ನು ಪರೀಕ್ಷೆ ಮಾಡೋಕೆ ಗೊತ್ತಿರಲ್ಲ. ವಾರಂಟಿ ಇನ್ನೂ ಬಾಕಿ ಇದ್ದು ಬಿಲ್ಲೂ ಕೈಗೆ ಸಿಕ್ಕರೆ ಮಾತ್ರ ನೋಡಬಹುದು.

ಬೆಣ್ಣೆನಗರಿ_ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊಸ ಲಿಸ್ಟ್: 12400ಎಫ್ ಬಾಕ್ಸ್, 5 ವೋಲ್ಟ್ ಹೆಡರ್ ಇರೋ ಡಿಡಿಆರ್4 ಬೋರ್ಡ್, 8+8, ಆರ್‌ಎಕ್ಸ್ 6600 ಹೊಸದೇ, 550 ಬ್ರಾಂಝ್, ಜಾಲರಿ ಕ್ಯಾಬಿನೆಟ್, ಮೂರು ಫ್ಯಾನ್, ಒಂದು ಪಟ್ಟಿ. ನಮ್ಮ ಕಡೆ ಕರೆಂಟ್ ಆಗಾಗ ಹೋಗುತ್ತೆ. ಮನೆಯಲ್ಲಿ 600 ವಿಎ ಯುಪಿಎಸ್ ಇದೆ, ನಡೆಯುತ್ತಾ?

ಸೋಲ್ಡರ್_ಕಡ್ಡಿ

600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಆಟದ ಮಧ್ಯೆ ಈ ಪಿಸಿ 250ರಿಂದ 300 ಎಳೆಯಬಹುದು, ಮಾನಿಟರ್ ಬೇರೆ ಸೇರಿತು. ಹೊಸ ಬ್ಯಾಟರಿ ಇದ್ದರೆ ಗೇಮ್ ಸೇವ್ ಮಾಡಿ ಆಫ್ ಮಾಡೋ ಅಷ್ಟು ಹೊತ್ತು ತಡೆದರೂ ತಡೆದೀತು, ಹಳೇದಾದರೆ ಕರೆಂಟ್ ಹೋದ ಕೂಡಲೇ ಪಿಸಿಯೂ ಆಫ್. ಮುಂದೆ ದುಡ್ಡು ಬಂದಾಗ 1000 ವಿಎ ತಗೋ, ಅಲ್ಲಿವರೆಗೆ ರೌಟರ್, ಸ್ಪೀಕರ್ ಏನನ್ನೂ ಅದಕ್ಕೆ ಹಾಕಬೇಡ.

ಎಲ್ಲ ಜೋಡಿಸಿದ ಮೇಲೆ ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹಾಕು. ಎಫ್ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಹಾಕಿದರೆ ಪರದೆ ಕಪ್ಪಾಗೇ ಇರುತ್ತೆ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ 144 ಹರ್ಟ್ಸ್ ನೀನೇ ಆರಿಸು, ಸುಮಾರು ಸಲ ಅದು 60ರಲ್ಲೇ ಕೂತಿರುತ್ತೆ.